ಪ್ರವಾಸ, ಶಿಬಿರ ಮತ್ತು ಪ್ರಥಮ ಚಿಕಿತ್ಸೆ: ನಮ್ಮ ಸೂಚನಾ ಪತ್ರಗಳ ಒಂದು ವಿಮರ್ಶೆ

ಡಿಸೆಂಬರ್ ಬಂತೆಂದರೆ ನಮ್ಮ ಶಾಲಾ ಕಾಲೇಜುಗಳಲ್ಲಿ ಪ್ರವಾಸದ ಸಡಗರ. ಬಸ್ಸಿನ ಬಾಡಿಗೆ ನಿಗದಿಯಾಗಿ, ಪೋಷಕರ ಒಪ್ಪಿಗೆ ಪತ್ರಗಳು ಬಂದು, ಹೊರಡುವ ದಿನ ಹತ್ತಿರವಾದಾಗ ಮಕ್ಕಳ ಕೈಗೆ ಒಂದೆರಡು ಪುಟಗಳ ಸೂಚನಾ ಪತ್ರ ಸೇರುತ್ತದೆ. ತರಬೇಕಾದ ಬಟ್ಟೆಬರೆ, ಟಾರ್ಚು, ತಟ್ಟೆ ಲೋಟಗಳ ಪಟ್ಟಿ ಮೊದಲು. ಅದರ ಕೆಳಗೆ ‘ಪ್ರಥಮ ಚಿಕಿತ್ಸೆ’ ಎಂಬ ತಲೆಬರಹದಡಿ ಹತ್ತು ಹದಿನೈದು ಅಂಶಗಳು: ಹಾವು ಕಚ್ಚಿದರೆ ಹೀಗೆ ಮಾಡಿ, ಸುಟ್ಟರೆ ಹಾಗೆ ಮಾಡಿ, ಮೂಳೆ ಮುರಿದರೆ ಪಟ್ಟಿ ಕಟ್ಟಿ.

ಕಳೆದ ಕೆಲವು ವರ್ಷಗಳಲ್ಲಿ ಬೇರೆ ಬೇರೆ ಊರುಗಳ ಅಧ್ಯಾಪಕ ಮಿತ್ರರಿಂದ ಇಂಥ ಹತ್ತಾರು ಪತ್ರಗಳನ್ನು ಕೇಳಿ ಪಡೆದು ಓದಿದ್ದೇನೆ. ಯಾವುದು ಯಾವ ಸಂಸ್ಥೆಯದು ಎಂಬುದು ಇಲ್ಲಿ ಮುಖ್ಯವಲ್ಲ. ಒಂದನ್ನು ಓದಿದರೆ ಎಲ್ಲವನ್ನೂ ಓದಿದಂತೆ. ಹಳೆಯದರಿಂದ ಹೊಸದು, ಅದರಿಂದ ಇನ್ನೊಂದು ಎಂದು ಪ್ರತಿ ಮಾಡುತ್ತಾ ಬಂದಿರುವುದು ಸ್ಪಷ್ಟವಾಗಿ ಕಾಣುತ್ತದೆ. ಅವುಗಳಲ್ಲಿ ಕೆಲವು ಸಲಹೆಗಳು ಸರಿಯಾಗಿವೆ, ಕೆಲವು ತಪ್ಪು, ಕೆಲವು ಅಪಾಯಕಾರಿ. ಆದರೆ ನನ್ನ ಮುಖ್ಯ ಆಕ್ಷೇಪ ಬೇರೆ. ಒಂದು ಪತ್ರದಲ್ಲಿಯೂ ಯಾವ ಸಲಹೆಗೂ ಕಾರಣ ಕೊಟ್ಟಿರಲಿಲ್ಲ. ಕಾರಣವಿಲ್ಲದ ಪಟ್ಟಿಯಲ್ಲಿ ಸರಿಯೂ ತಪ್ಪೂ ಒಂದೇ ರೀತಿ ಕಾಣುತ್ತವೆ. ಆದ್ದರಿಂದಲೇ ತಪ್ಪುಗಳು ದಶಕಗಟ್ಟಲೆ ಉಳಿದುಕೊಳ್ಳುತ್ತವೆ.

ನನ್ನದೇ ಒಂದು ತಪ್ಪು

ಇದನ್ನು ಬೇರೆಯವರ ಮೇಲಿನ ದೂರಾಗಿ ಬರೆಯುತ್ತಿಲ್ಲ. 1998ರಲ್ಲಿ, ನಾನಿನ್ನೂ ಕಿರಿಯ ಅಧ್ಯಾಪಕನಾಗಿದ್ದಾಗ, ಮಲೆನಾಡಿನ ಒಂದು ಹಳ್ಳಿಯಲ್ಲಿ ನಮ್ಮ ವಿದ್ಯಾರ್ಥಿಗಳ ಶಿಬಿರ ನಡೆದಿತ್ತು. ಸಂಜೆ ಸೌದೆ ಎತ್ತುವಾಗ ಒಬ್ಬ ಹುಡುಗನ ಕೈಗೆ ಹಾವು ಕಚ್ಚಿತು. ನಾನು ಶಾಲೆಯಲ್ಲಿ ಕಲಿತದ್ದನ್ನು ಚಾಚೂ ತಪ್ಪದೆ ಮಾಡಿದೆ. ಮಣಿಕಟ್ಟಿನ ಮೇಲೊಂದು, ಮೊಣಕೈ ಮೇಲೊಂದು ದಾರ ಬಿಗಿದು ಕಟ್ಟಿದೆ. ಬ್ಲೇಡಿನಿಂದ ಗೀರಲೂ ಹೊರಟಿದ್ದೆ. ಅಡುಗೆಯವರು ಕೈಹಿಡಿದು ತಡೆದರು. ಜೀಪಿನಲ್ಲಿ ಆಸ್ಪತ್ರೆ ತಲಪಲು ಎರಡು ಗಂಟೆ ಹಿಡಿಯಿತು. ಅಷ್ಟರಲ್ಲಿ ಕೈ ಊದಿ ನೀಲಿಗಟ್ಟಿತ್ತು. ವೈದ್ಯರು ದಾರ ನೋಡಿ, “ಮೇಷ್ಟ್ರೇ, ಹಾವು ಮಾಡಿದ್ದಕ್ಕಿಂತ ನಿಮ್ಮ ದಾರ ಮಾಡಿದ್ದೇ ಹೆಚ್ಚು” ಎಂದರು. ಹಾವಿನ ವಿಷ ಅವನ ದೇಹಕ್ಕೆ ಹೋಗಿಯೇ ಇರಲಿಲ್ಲ. ಆದರೆ ಬೆರಳುಗಳ ಜೋಮು ಬಿಡಲು ಹಲವು ವಾರ ಬೇಕಾಯಿತು.

ಕಾಲೇಜಿಗೆ ಮರಳಿದ ಮೇಲೆ ಆ ಹುಡುಗ ಕೇಳಿದ: “ಸರ್, ದಾರ ಕಟ್ಟಿದರೆ ವಿಷ ಹೇಗೆ ನಿಲ್ಲುತ್ತೆ?” ಉತ್ತರ ನನ್ನಲ್ಲಿರಲಿಲ್ಲ. ತರಗತಿಯಲ್ಲಿ ದಿನವೂ ದ್ರವಗಳ ಒತ್ತಡದ ಬಗ್ಗೆ ಪಾಠ ಮಾಡುತ್ತಿದ್ದ ನಾನು ಈ ಪ್ರಶ್ನೆಯನ್ನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಪ್ರಥಮ ಚಿಕಿತ್ಸೆ ಎಂಬುದು ವಿಜ್ಞಾನದ ಹೊರಗಿನ, ಬಾಯಿಪಾಠ ಮಾಡಬೇಕಾದ ವಿಷಯ ಎಂದು ನಂಬಿದ್ದೆ. ನಮ್ಮ ಸೂಚನಾ ಪತ್ರಗಳನ್ನು ಬರೆಯುವವರೂ ಹಾಗೆಯೇ ನಂಬಿರುವಂತೆ ತೋರುತ್ತದೆ.

ಪಟ್ಟಿ ಬಂದದ್ದು ಎಲ್ಲಿಂದ?

ಸಾಮಾನ್ಯ ಜನರಿಗೆ ಪ್ರಥಮ ಚಿಕಿತ್ಸೆ ಕಲಿಸುವ ವ್ಯವಸ್ಥಿತ ಪ್ರಯತ್ನ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದ್ದು. 1877ರಲ್ಲಿ ಇಂಗ್ಲೆಂಡಿನಲ್ಲಿ ಸೇಂಟ್ ಜಾನ್ ಆಂಬ್ಯುಲೆನ್ಸ್ ಸಂಘ ಆರಂಭವಾಯಿತು. ಜರ್ಮನಿಯ ಸೇನಾ ಶಸ್ತ್ರವೈದ್ಯ ಫ್ರೀಡ್ರಿಕ್ ಫಾನ್ ಎಸ್ಮಾರ್ಕ್ 1880ರ ದಶಕದ ಆರಂಭದಲ್ಲಿ ಕೀಲ್ ನಗರದ ನಾಗರಿಕರಿಗೆ ತರಗತಿಗಳನ್ನು ನಡೆಸಿದ. ಇಂದಿಗೂ ನಮ್ಮ ಪೆಟ್ಟಿಗೆಗಳಲ್ಲಿರುವ ತ್ರಿಕೋನ ಪಟ್ಟಿಯನ್ನು ಬಳಕೆಗೆ ತಂದವರಲ್ಲಿ ಅವನು ಪ್ರಮುಖ. ಈ ಪಾಠಗಳ ಹಿನ್ನೆಲೆ ಯುದ್ಧಭೂಮಿ, ರೈಲ್ವೆ, ಗಣಿ ಮತ್ತು ಕಾರ್ಖಾನೆ. ಅಲ್ಲಿ ಎದುರಾಗುತ್ತಿದ್ದುದು ಗುಂಡಿನ ಗಾಯ, ಜಜ್ಜಿದ ಕೈಕಾಲು, ಮುರಿದ ಮೂಳೆ. ಆದ್ದರಿಂದ ರಕ್ತಸ್ರಾವಕ್ಕೂ ಪಟ್ಟಿ ಕಟ್ಟುವುದಕ್ಕೂ ಅಗ್ರಸ್ಥಾನ ಸಿಕ್ಕಿದ್ದು ಸಹಜ.

ನಮ್ಮ ಮಕ್ಕಳ ಪ್ರವಾಸದ ಅಪಾಯಗಳು ಬೇರೆ. 2014ರ ಜೂನ್ 8ರಂದು ಹಿಮಾಚಲ ಪ್ರದೇಶದ ಬಿಯಾಸ್ ನದಿಯಲ್ಲಿ, ಹೈದರಾಬಾದಿನಿಂದ ಪ್ರವಾಸ ಹೋಗಿದ್ದ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಅವರೊಂದಿಗಿದ್ದ ಪ್ರವಾಸ ವ್ಯವಸ್ಥಾಪಕರೊಬ್ಬರು ಕೊಚ್ಚಿಹೋದರು. ಮಳೆಯಿಂದ ಬಂದ ಪ್ರವಾಹ ಅದಾಗಿರಲಿಲ್ಲ. ಮೇಲಿನ ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲತೀರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಅಲೆಗಳ ಪಾಲಾದರು. ಈ ಎರಡು ಘಟನೆಗಳಲ್ಲಿ ತ್ರಿಕೋನ ಪಟ್ಟಿಯಿಂದ ಯಾರನ್ನು ಉಳಿಸಬಹುದಿತ್ತು? ನಾನು ನೋಡಿದ ಪತ್ರಗಳಲ್ಲಿ ಮೂಳೆ ಮುರಿತಕ್ಕೆ ಸರಾಸರಿ ಅರ್ಧ ಪುಟವಿದೆ. ನೀರಿನ ಬಗ್ಗೆ ಇರುವುದು “ನೀರಿಗೆ ಇಳಿಯಬಾರದು” ಎಂಬ ಒಂದೇ ವಾಕ್ಯ. ಏಕೆ ಇಳಿಯಬಾರದು ಎಂದು ತಿಳಿಯದ ಹದಿನೇಳರ ಹುಡುಗ ಇಳಿದೇ ಇಳಿಯುತ್ತಾನೆ.

ತಪ್ಪಾಗಿರುವ ಸಲಹೆಗಳು

ಮೊದಲು ಹಾವಿನ ಕಡಿತವನ್ನೇ ನೋಡೋಣ. 2020ರಲ್ಲಿ ಪ್ರಕಟವಾದ ಒಂದು ವಿಸ್ತೃತ ಅಂದಾಜಿನ ಪ್ರಕಾರ 2000ದಿಂದ 2019ರವರೆಗೆ ಭಾರತದಲ್ಲಿ ಹಾವಿನ ಕಡಿತದಿಂದ ಸತ್ತವರು ಸುಮಾರು 12 ಲಕ್ಷ. ವರ್ಷಕ್ಕೆ ಸರಾಸರಿ 58,000. ಕರ್ನಾಟಕವು 2024ರ ಆರಂಭದಲ್ಲಿ ಹಾವಿನ ಕಡಿತವನ್ನು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಇಷ್ಟು ಗಂಭೀರವಾದ ವಿಷಯದಲ್ಲಿ ನಮ್ಮ ಬಹುಪಾಲು ಪತ್ರಗಳು ಇಂದಿಗೂ “ಕಚ್ಚಿದ ಜಾಗದ ಮೇಲ್ಭಾಗಕ್ಕೆ ಬಿಗಿಯಾಗಿ ಕಟ್ಟಿ” ಎನ್ನುತ್ತವೆ.

ಕಟ್ಟಿದಾಗ ಏನಾಗುತ್ತದೆ? ಅಪಧಮನಿಯಲ್ಲಿ ರಕ್ತದ ಗರಿಷ್ಠ ಒತ್ತಡ ಪಾದರಸದ ಸುಮಾರು 120 ಮಿ.ಮೀ. ಅಭಿಧಮನಿಗಳಲ್ಲಿ ಅದು ಇದರ ಹತ್ತನೆಯ ಒಂದು ಪಾಲಿನ ಆಸುಪಾಸು. ಸಾಧಾರಣ ಬಿಗಿಯಲ್ಲಿ ಕಟ್ಟಿದ ದಾರ ಮೊದಲು ಮುಚ್ಚುವುದು ಕಡಿಮೆ ಒತ್ತಡದ ಅಭಿಧಮನಿಗಳನ್ನು. ಆಗ ರಕ್ತ ಕೈಯೊಳಕ್ಕೆ ಬರುತ್ತಲೇ ಇರುತ್ತದೆ, ಹೊರಹೋಗುವ ದಾರಿ ಮುಚ್ಚಿರುತ್ತದೆ. ಕೈ ಊದುತ್ತದೆ. ಇನ್ನೂ ಬಿಗಿದರೆ ಅಪಧಮನಿಯೂ ಮುಚ್ಚಿ ಊತಕಗಳಿಗೆ ಆಮ್ಲಜನಕ ನಿಲ್ಲುತ್ತದೆ. ದಾರ ತೆಳುವಾಗಿದ್ದಷ್ಟೂ ಅದೇ ಬಲ ಕಡಿಮೆ ವಿಸ್ತೀರ್ಣದ ಮೇಲೆ ಬಿದ್ದು ನರಗಳು ಜಜ್ಜಿಹೋಗುತ್ತವೆ. ಮಂಡಲದ ಹಾವಿನ ವಿಷವಾದರೆ, ಅದನ್ನು ಒಂದೇ ಕಡೆ ಕೂಡಿಹಾಕಿದಂತಾಗಿ ಅಲ್ಲಿನ ಮಾಂಸ ಕೊಳೆಯುವ ಅಪಾಯ ಹೆಚ್ಚು.

ಹಾಗಾದರೆ ಮಾಡಬೇಕಾದದ್ದೇನು? ವಿಷದ ದೊಡ್ಡ ಅಣುಗಳು ಬಹುಮಟ್ಟಿಗೆ ದುಗ್ಧರಸ ನಾಳಗಳ ಮೂಲಕ ಹರಡುತ್ತವೆ. ಈ ನಾಳಗಳಿಗೆ ಹೃದಯದಂಥ ಪಂಪ್ ಇಲ್ಲ. ಸ್ನಾಯುಗಳು ಸಂಕುಚಿಸಿದಾಗ ರಸ ಮುಂದಕ್ಕೆ ಸಾಗುತ್ತದೆ. ಆದ್ದರಿಂದ ಕಚ್ಚಿದ ಅಂಗವನ್ನು ಅಲುಗಿಸದಿರುವುದೇ ಮುಖ್ಯ. ಕೈಕಾಲು ಮುರಿದವರಿಗೆ ಮಾಡುವಂತೆ ಮರದ ಪಟ್ಟಿಯ ಆಸರೆ ಕೊಟ್ಟು, ಸಡಿಲವಾಗಿ ಸುತ್ತಿ, ರೋಗಿಯನ್ನು ನಡೆಸದೆ ಎತ್ತಿಕೊಂಡು ಹೋಗಬೇಕು. ಉಂಗುರ, ಬಳೆ, ಗಡಿಯಾರಗಳನ್ನು ಊತ ಬರುವ ಮೊದಲೇ ತೆಗೆಯಬೇಕು. ಧೈರ್ಯ ಹೇಳಬೇಕು. ಪ್ರತಿವಿಷ ಇರುವ ಆಸ್ಪತ್ರೆಗೆ ಬೇಗ ಸೇರಿಸಬೇಕು. ಉಳಿದ ಸಾಹಸಗಳೆಲ್ಲ ಕಾಲಹರಣ. ವಿಷ ಹೀರುವ ಸಾಧನವೊಂದನ್ನು 2004ರಲ್ಲಿ ಪರೀಕ್ಷಿಸಿದಾಗ, ಒಳಸೇರಿಸಿದ್ದ ಕೃತಕ ‘ವಿಷ’ದಲ್ಲಿ ಸಾವಿರದ ಒಂದು ಪಾಲೂ ಹೊರಬರಲಿಲ್ಲ. 1980ರ ದಶಕದಲ್ಲಿ ವಿದ್ಯುತ್ ಆಘಾತ ಕೊಟ್ಟರೆ ವಿಷ ಇಳಿಯುತ್ತದೆ ಎಂಬ ವಾದವೂ ಪ್ರಚಾರಕ್ಕೆ ಬಂದು, ಪ್ರಯೋಗಗಳಲ್ಲಿ ಸೋತುಹೋಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಕೈ ಅಥವಾ ಕಾಲಿನಿಂದ ರಕ್ತ ಚಿಮ್ಮುತ್ತಿದ್ದು, ಗಾಯದ ಮೇಲೆ ನೇರವಾಗಿ ಒತ್ತಿ ಹಿಡಿದರೂ ನಿಲ್ಲದಿದ್ದರೆ, ಅಗಲವಾದ ಪಟ್ಟಿಯನ್ನು ಮೇಲ್ಭಾಗಕ್ಕೆ ಬಲವಾಗಿ ಬಿಗಿಯುವುದು ಜೀವ ಉಳಿಸುತ್ತದೆ. ಇರಾಕ್ ಮತ್ತು ಆಫ್ಘಾನಿಸ್ತಾನದ ಯುದ್ಧಗಳ ಅನುಭವದ ನಂತರ ಈ ವಿಧಾನಕ್ಕೆ ಮತ್ತೆ ಮನ್ನಣೆ ದೊರೆತಿದೆ. ಅಲ್ಲಿಯೂ ಅರೆಬಿಗಿ ಅಪಾಯಕಾರಿ. ಅಭಿಧಮನಿ ಮಾತ್ರ ಮುಚ್ಚಿದರೆ ಸ್ರಾವ ಹೆಚ್ಚುತ್ತದೆ. ಅಂದರೆ ಒಂದೇ ಕ್ರಿಯೆ ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು. ಬಾಯಿಪಾಠ ಮಾಡಿದವನಿಗೆ ಇದು ಗೊಂದಲ. ಕಾರಣ ತಿಳಿದವನಿಗೆ ಗೊಂದಲವೇ ಇಲ್ಲ.

ಸುಟ್ಟಗಾಯದ ವಿಷಯದಲ್ಲಿ ಪತ್ರಗಳು ಟೂತ್‌ಪೇಸ್ಟ್, ಮುಲಾಮು, ಕೆಲವೊಮ್ಮೆ ಮಂಜುಗಡ್ಡೆಯನ್ನು ಸೂಚಿಸುತ್ತವೆ. ಚರ್ಮದಲ್ಲಿ ಉಷ್ಣ ಹರಡಲು ಬೇಕಾಗುವ ಕಾಲ ಆಳದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 2 ಮಿ.ಮೀ. ಆಳಕ್ಕೆ ಅದು ಸುಮಾರು 40 ಸೆಕೆಂಡು. ಅಂದರೆ ಬಿಸಿ ಪಾತ್ರೆಯಿಂದ ಕೈ ತೆಗೆದ ಮೇಲೂ ಶಾಖ ಒಳಮುಖವಾಗಿ ಸಾಗುತ್ತಲೇ ಇರುತ್ತದೆ. ಅದನ್ನು ಹೊರತೆಗೆಯಲು ಹರಿಯುವ ತಣ್ಣೀರು ಬೇಕು, ಅದೂ 20 ನಿಮಿಷ. ಪೇಸ್ಟ್ ಬಳಿದರೆ ಈ ದಾರಿಗೆ ನಾವೇ ಅಡ್ಡಿ ಹಾಕಿದಂತೆ. ಮಂಜುಗಡ್ಡೆ ರಕ್ತನಾಳಗಳನ್ನು ಕುಗ್ಗಿಸಿ ಮೊದಲೇ ನೊಂದ ಊತಕಕ್ಕೆ ಇನ್ನಷ್ಟು ಹಾನಿ ಮಾಡುತ್ತದೆ.

ಜೇನು ಚುಚ್ಚಿದಾಗ “ಮುಳ್ಳನ್ನು ಕೈಯಿಂದ ಕೀಳಬೇಡಿ, ಕಾರ್ಡಿನಿಂದ ಕೆರೆಯಿರಿ” ಎಂಬುದು ಇನ್ನೊಂದು ಜನಪ್ರಿಯ ಸಲಹೆ. 1996ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕೀಳುವುದಕ್ಕೂ ಕೆರೆಯುವುದಕ್ಕೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಕಂಡದ್ದು ತಡದಲ್ಲಿ. ಮುಳ್ಳಿನ ಜೊತೆ ಉಳಿಯುವ ವಿಷದ ಚೀಲ ಕೆಲವು ಸೆಕೆಂಡುಗಳಲ್ಲಿಯೇ ಖಾಲಿಯಾಗುತ್ತದೆ. ಕಾರ್ಡು ಹುಡುಕುತ್ತಾ ನಿಲ್ಲುವವನು ಪೂರ್ತಿ ವಿಷ ತೆಗೆದುಕೊಳ್ಳುತ್ತಾನೆ. ಹೆಜ್ಜೇನು ಎದ್ದಾಗಲಂತೂ ಮೊದಲು ಓಡಿ ದೂರವಾಗಬೇಕು, ಮುಳ್ಳಿನ ಯೋಚನೆ ಆಮೇಲೆ. ಜೇನು ಕಟ್ಟಿದ ಬಂಡೆಯ ಕೆಳಗೆ ಒಲೆ ಹೂಡಬಾರದೆಂಬ ಮಾತು ಇದಕ್ಕಿಂತ ಮುಖ್ಯ. ಅದು ಯಾವ ಪತ್ರದಲ್ಲಿಯೂ ಇರಲಿಲ್ಲ.

ಮುಳುಗಿದವರ ವಿಷಯ ಇನ್ನೂ ಗಂಭೀರ. ಹೊಟ್ಟೆ ಒತ್ತಿ ನೀರು ಕಕ್ಕಿಸುವುದು, ತಲೆಕೆಳಗಾಗಿ ಎತ್ತಿ ತಿರುಗಿಸುವುದು ನಮ್ಮಲ್ಲಿ ಇನ್ನೂ ನಡೆದಿದೆ. ಮುಳುಗಿದವನಿಗೆ ಕೊರತೆಯಾಗಿರುವುದು ಆಮ್ಲಜನಕ. ಹೊಟ್ಟೆಯ ನೀರು ಹೊರಬಂದರೆ ಶ್ವಾಸಕೋಶಕ್ಕೆ ಗಾಳಿ ಸೇರುವುದಿಲ್ಲ. ಬದಲಾಗಿ ಕಕ್ಕಿದ್ದು ಶ್ವಾಸನಾಳಕ್ಕೆ ಇಳಿಯಬಹುದು. ಉಸಿರಿಲ್ಲದಿದ್ದರೆ ತಕ್ಷಣ ಬಾಯಿಗೆ ಬಾಯಿಟ್ಟು ಉಸಿರು ತುಂಬಬೇಕು. ಎದೆಯ ನಡುವೆ 5 ಸೆಂ.ಮೀ.ಗೆ ಕಡಿಮೆಯಾಗದಂತೆ, 6 ಸೆಂ.ಮೀ. ಮೀರದಂತೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. 30 ಒತ್ತುಗಳಿಗೆ 2 ಉಸಿರು. ಎದೆಯನ್ನು ಹೊರಗಿನಿಂದ ಒತ್ತಿ ರಕ್ತ ಹರಿಸುವ ಈ ವಿಧಾನವನ್ನು 1960ರಲ್ಲಿ ಪ್ರಕಟಿಸಿದ ಅಮೆರಿಕದ ತಂಡದ ಹಿರಿಯ ಸದಸ್ಯ ವಿಲಿಯಂ ಕೌವೆನ್‌ಹೋವನ್ ವೈದ್ಯನಲ್ಲ, ವಿದ್ಯುತ್ ಎಂಜಿನಿಯರ್. ಇದು ನಮ್ಮ ವಿಷಯವಲ್ಲ ಎನ್ನುವ ಭೌತವಿಜ್ಞಾನದ ಅಧ್ಯಾಪಕರು ಇದನ್ನು ನೆನಪಿಡಬೇಕು.

ಇಲ್ಲದೇ ಇರುವ ಸಲಹೆಗಳು

ತಪ್ಪುಗಳನ್ನು ತಿದ್ದಬಹುದು. ಇಲ್ಲದಿರುವುದು ಕಣ್ಣಿಗೆ ಬೀಳುವುದಿಲ್ಲ. ಹರಿಯುವ ನೀರಿನ ಬಲವನ್ನು ಪಿಯುಸಿ ವಿದ್ಯಾರ್ಥಿಯೇ ಲೆಕ್ಕ ಹಾಕಬಲ್ಲ. ಅದು ನೀರಿನ ಸಾಂದ್ರತೆ, ಎದುರಾಗುವ ವಿಸ್ತೀರ್ಣ ಮತ್ತು ವೇಗದ ವರ್ಗ ಇವುಗಳ ಗುಣಲಬ್ಧದ ಸುಮಾರು ಅರ್ಧ. ತೊಡೆಯ ಮಟ್ಟದ ನೀರಿನಲ್ಲಿ ನಿಂತವನ ಎರಡು ಕಾಲುಗಳ ವಿಸ್ತೀರ್ಣ 0.15 ಚದರ ಮೀಟರ್ ಎಂದುಕೊಳ್ಳೋಣ. ನೀರಿನ ವೇಗ ಸೆಕೆಂಡಿಗೆ 1 ಮೀಟರ್ ಇದ್ದರೆ ಬಲ 75 ನ್ಯೂಟನ್, ಎಂದರೆ ಸುಮಾರು ಏಳೂವರೆ ಕಿಲೋ ಭಾರದಷ್ಟು. ವೇಗ 2 ಮೀಟರ್ ಆದರೆ ಅದು 15 ಅಲ್ಲ, 30 ಕಿಲೋ.

ಇನ್ನೊಂದು ಕಡೆ ಘರ್ಷಣೆಯನ್ನು ನೋಡೋಣ. 50 ಕಿಲೋ ತೂಕದ ಹುಡುಗನನ್ನು ಅಷ್ಟು ಆಳದ ನೀರು ಹತ್ತು ಕಿಲೋದಷ್ಟು ಮೇಲೆತ್ತುತ್ತದೆ. ಪಾದದ ಮೇಲೆ ಉಳಿಯುವುದು 40. ಪಾಚಿಗಟ್ಟಿದ ಕಲ್ಲಿನ ಘರ್ಷಣಾಂಕ 0.2 ಎಂದು ಹಿಡಿದರೆ ಅವನನ್ನು ಹಿಡಿದು ನಿಲ್ಲಿಸುವ ಬಲ 8 ಕಿಲೋ ಮಾತ್ರ. ಸೆಕೆಂಡಿಗೆ 1 ಮೀಟರ್ ಎಂದರೆ ನಾವು ಆರಾಮವಾಗಿ ನಡೆಯುವ ವೇಗ. ಆ ವೇಗದ ನೀರೇ ಅವನನ್ನು ಜಾರುವ ಅಂಚಿಗೆ ತರುತ್ತದೆ. ಈ ಲೆಕ್ಕವನ್ನು ತರಗತಿಯ ಕಪ್ಪುಹಲಗೆಯ ಮೇಲೆ ಮಾಡಿಸಿದರೆ “ನೀರಿಗೆ ಇಳಿಯಬಾರದು” ಎಂಬ ವಾಕ್ಯಕ್ಕೆ ಜೀವ ಬರುತ್ತದೆ. ಮೇಲೆ ಅಣೆಕಟ್ಟಿರುವ ನದಿಯಲ್ಲಿ ಆಕಾಶ ತಿಳಿಯಾಗಿದ್ದರೂ ನೀರು ಏರಬಹುದು ಎಂಬುದನ್ನೂ ಜೊತೆಯಲ್ಲೇ ಹೇಳಬೇಕು.

ಕಡಲಿನಲ್ಲಿ ಅಲೆಗಳು ದಡಕ್ಕೆ ತಂದ ನೀರು ಮರಳಲು ಇಕ್ಕಟ್ಟಾದ ಕಾಲುವೆ ಮಾಡಿಕೊಳ್ಳುತ್ತದೆ. ಅಲ್ಲಿ ಅಲೆ ಒಡೆಯುವುದು ಕಡಿಮೆ, ನೊರೆ ಕಡಿಮೆ. ಆದ್ದರಿಂದ ಅತ್ಯಂತ ಅಪಾಯದ ಜಾಗವೇ ಶಾಂತವಾಗಿ ಕಾಣುತ್ತದೆ. ಅದರಲ್ಲಿ ಸಿಕ್ಕವನು ದಡದ ಕಡೆಗೆ ಈಜಿದರೆ ಸೋಲುತ್ತಾನೆ. ದಡಕ್ಕೆ ಸಮಾಂತರವಾಗಿ ಈಜಿ ಕಾಲುವೆಯಿಂದ ಹೊರಬರಬೇಕು. ಮುಳುಗುತ್ತಿರುವವನತ್ತ ಗೆಳೆಯರು ಧುಮುಕಬಾರದು, ಹಗ್ಗ ಅಥವಾ ತೇಲುವ ವಸ್ತು ಎಸೆಯಬೇಕು. ಮುಚ್ಚಳ ಬಿಗಿದ 5 ಲೀಟರಿನ ಖಾಲಿ ಎಣ್ಣೆ ಕ್ಯಾನು ಆರ್ಕಿಮಿಡೀಸನ ನಿಯಮದಂತೆ ಸುಮಾರು 5 ಕಿಲೋ ಎತ್ತಬಲ್ಲದು. ದೇಹದ ಉಳಿದ ಭಾಗ ನೀರಿನಲ್ಲಿರುವಾಗ ಬಾಯಿ ಮೂಗು ಮೇಲಿರಲು ಅಷ್ಟು ಸಾಕು. ಇಪ್ಪತ್ತು ಮೀಟರ್ ಹಗ್ಗ ಮತ್ತು ಇಂಥ ಎರಡು ಕ್ಯಾನುಗಳು ಯಾವ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಪಟ್ಟಿಯಲ್ಲೂ ಇಲ್ಲ.

ಸಿಡಿಲಿನ ಬಗ್ಗೆಯೂ ಪತ್ರಗಳು ಮೌನ. ಗುಡುಗು ಕೇಳಿಸುತ್ತಿದೆ ಎಂದರೆ ಸಿಡಿಲು ಬಡಿಯಬಹುದಾದ ದೂರದಲ್ಲೇ ನಾವಿದ್ದೇವೆ. ಶಿಖರ, ಬಯಲು, ಒಂಟಿ ಮರ ಬಿಟ್ಟು ಪಕ್ಕಾ ಕಟ್ಟಡ ಅಥವಾ ಬಸ್ಸನ್ನು ಸೇರಬೇಕು. ಬಸ್ಸಿನ ಲೋಹದ ಹೊದಿಕೆ ವಿದ್ಯುತ್ತನ್ನು ಹೊರಮೈಯಲ್ಲೇ ಸಾಗಿಸುತ್ತದೆ. ಬಟ್ಟೆಯ ಡೇರೆ ಹಾಗೆ ಮಾಡಲಾರದು. ಕೊನೆಯ ಗುಡುಗಿನಿಂದ 30 ನಿಮಿಷ ಕಾಯಬೇಕು. ಮರಕ್ಕೆ ಬಡಿದ ವಿದ್ಯುತ್ತು ನೆಲದಲ್ಲಿ ಹರಡುವಾಗ ಎರಡು ಪಾದಗಳ ನಡುವೆಯೇ ವಿಭವಾಂತರ ಏರ್ಪಡುತ್ತದೆ. ಮರದಡಿ ನಿಂತ ದನಗಳು ಗುಂಪಾಗಿ ಸಾಯುವುದು ಇದರಿಂದಲೇ. ಸಿಡಿಲು ಬಡಿದವರನ್ನು ಮುಟ್ಟಿದರೆ ಆಘಾತವಾಗುತ್ತದೆಂಬ ಭಯ ನಮ್ಮಲ್ಲಿದೆ. ದೇಹದಲ್ಲಿ ಆವೇಶ ಉಳಿದಿರುವುದಿಲ್ಲ. ತಕ್ಷಣ ಮುಟ್ಟಿ, ಉಸಿರು ನಿಂತಿದ್ದರೆ ಎದೆ ಒತ್ತಿದರೆ ಅಂಥವರು ಬದುಕುವ ಸಾಧ್ಯತೆಯಿದೆ.

ಚಳಿ ನಮ್ಮ ನಾಡಿನ ಸಮಸ್ಯೆಯಲ್ಲ ಎಂದು ನಾವು ಭಾವಿಸುತ್ತೇವೆ. ಆದರೆ 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ ಕರ್ನಾಟಕದ ತಂಡವೊಂದು ಹಿಮಗಾಳಿಗೆ ಸಿಕ್ಕಿ ಒಂಬತ್ತು ಮಂದಿ ಸತ್ತರು. ಒದ್ದೆ ಬಟ್ಟೆಯ ಲೆಕ್ಕ ನೋಡಿ. ಅರ್ಧ ಕಿಲೋ ನೀರು ಆವಿಯಾಗಲು ಸುಮಾರು 1,200 ಕಿಲೋಜೂಲ್ ಗುಪ್ತೋಷ್ಣ ಬೇಕು. ವಿಶ್ರಾಂತಿಯಲ್ಲಿರುವ ದೇಹ ಉತ್ಪಾದಿಸುವುದು ಸುಮಾರು 100 ವಾಟ್. ಅಂದರೆ ಮೂರು ಗಂಟೆಗೂ ಹೆಚ್ಚು ಕಾಲದ ದೇಹದ ಶಾಖ ಒಂದು ಒದ್ದೆ ಅಂಗಿ ಮತ್ತು ಪ್ಯಾಂಟು ಒಣಗಲು ಬೇಕು. ಅದರಲ್ಲಿ ಸ್ವಲ್ಪ ಭಾಗ ಗಾಳಿಯಿಂದ ಬಂದರೂ ಪಾಠ ಬದಲಾಗುವುದಿಲ್ಲ: ಒಣ ಬಟ್ಟೆಯ ಒಂದು ಜೊತೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದು ಎರಡು ಸ್ವೆಟರುಗಳಿಗಿಂತ ಮುಖ್ಯ.

ಕಡ ತಂದ ಶಿಬಿರ ವಿದ್ಯೆ

ಶಿಬಿರದ ಸೂಚನೆಗಳಲ್ಲಿ ಇನ್ನೊಂದು ತೊಂದರೆಯಿದೆ. ಅವು ಹೊರದೇಶದ ಪುಸ್ತಕಗಳಿಂದ ಬಂದವು. ಒಂದು ಪತ್ರದಲ್ಲಿ “ಒಣಗಿದ ಎಲೆಗಳನ್ನು ದಪ್ಪವಾಗಿ ಹಾಸಿ ಅದರ ಮೇಲೆ ಮಲಗಿ” ಎಂದಿತ್ತು. ಉಷ್ಣವಹನದ ದೃಷ್ಟಿಯಿಂದ ಸಲಹೆ ಸರಿ. ಎಲೆಗಳ ನಡುವಿನ ಗಾಳಿ ನೆಲದ ತಂಪನ್ನು ತಡೆಯುತ್ತದೆ. ಆದರೆ ಈ ಪತ್ರ ಬರೆದಿದ್ದುದು ಮಲೆನಾಡಿನ ಪ್ರವಾಸಕ್ಕೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯನ್ನು ಹರಡುವ ಉಣುಗುಗಳು ಇರುವುದು ಅದೇ ತರಗೆಲೆಗಳಲ್ಲಿ. ಕಾಯಿಲೆ ಹೆಚ್ಚಾಗುವ ಕಾಲವೂ ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ನಮ್ಮ ಪ್ರವಾಸದ ಋತು. ಎಲೆಯ ಬದಲು ಫೋಮ್ ಚಾಪೆ ಬಳಸಬೇಕು, ಕಾಲು ಮುಚ್ಚುವ ಬಟ್ಟೆ ಧರಿಸಬೇಕು, ಸಂಜೆ ಮೈ ಪರೀಕ್ಷಿಸಿಕೊಳ್ಳಬೇಕು, ಸತ್ತ ಮಂಗ ಕಂಡರೆ ದೂರವಿದ್ದು ಆರೋಗ್ಯ ಇಲಾಖೆಗೆ ತಿಳಿಸಬೇಕು. ನೆಲದ ಮೇಲೆ ಮಲಗುವವರಿಗೆ ಕಟ್ಟು ಹಾವಿನ ಅಪಾಯವೂ ಇದೆ. ರಾತ್ರಿ ಕಚ್ಚುವ ಅದರ ಕಡಿತ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಅಂಚುಗಳನ್ನು ಚಾಪೆಯಡಿ ಸಿಕ್ಕಿಸಿದ ಸೊಳ್ಳೆ ಪರದೆ ಸೊಳ್ಳೆಯ ಜೊತೆಗೆ ಹಾವನ್ನೂ ತಡೆಯುತ್ತದೆ.

“ಎತ್ತರದ ಸ್ಥಳದಲ್ಲಿ ಕುದಿಸಿದ ನೀರು ಸುರಕ್ಷಿತವಲ್ಲ” ಎಂಬ ಮಾತೂ ಒಂದು ಪತ್ರದಲ್ಲಿತ್ತು. ಪ್ರತಿ 300 ಮೀಟರಿಗೆ ಕುದಿಬಿಂದು ಸುಮಾರು 1 ಡಿಗ್ರಿ ಇಳಿಯುತ್ತದೆ. ನಮ್ಮ ರಾಜ್ಯದ ಅತ್ಯುನ್ನತ ಶಿಖರ ಮುಳ್ಳಯ್ಯನಗಿರಿಯಲ್ಲಿಯೂ, ಸುಮಾರು 1,930 ಮೀಟರ್ ಎತ್ತರದಲ್ಲಿ, ನೀರು 93 ಡಿಗ್ರಿಗಿಂತ ಮೇಲೆಯೇ ಕುದಿಯುತ್ತದೆ. ರೋಗಾಣುಗಳನ್ನು ಕೊಲ್ಲಲು ಅದು ಧಾರಾಳ ಸಾಕು. ಅನ್ನ ಬೇಯಲು ಮಾತ್ರ ಸ್ವಲ್ಪ ತಡವಾದೀತು.

ಒಂದು ಆಕ್ಷೇಪ

ಇಷ್ಟೆಲ್ಲ ವಿವರ ಅಪಘಾತದ ಹೊತ್ತಿನಲ್ಲಿ ಯಾರಿಗೆ ನೆನಪಾಗುತ್ತದೆ? ಆ ಗಳಿಗೆಯಲ್ಲಿ ಬೇಕಾದದ್ದು ಚಿಕ್ಕ ಪಟ್ಟಿಯೇ ಅಲ್ಲವೇ? ಎಂದು ಓದುಗರು ಕೇಳಬಹುದು. ಮಾತು ನಿಜ. ವಿಮಾನ ಚಾಲಕರೂ ಪಟ್ಟಿ ನೋಡಿಯೇ ಕೆಲಸ ಮಾಡುತ್ತಾರೆ. ಆದರೆ ಅವರು ಪಟ್ಟಿಯ ಹಿಂದಿನ ಕಾರಣವನ್ನು ಮೊದಲೇ ಕಲಿತಿರುತ್ತಾರೆ ಮತ್ತು ಅಭ್ಯಾಸ ಮಾಡಿರುತ್ತಾರೆ. ಪಟ್ಟಿ ಜೇಬಿನಲ್ಲಿರಲಿ, ಕಾರಣ ತರಗತಿಯಲ್ಲಿರಲಿ ಎಂಬುದೇ ನನ್ನ ವಾದ. ನಮ್ಮ ಪತ್ರಗಳಲ್ಲಿ ಒಳ್ಳೆಯ ಅಂಶಗಳೂ ಇವೆ. ಆಸ್ತಮಾ, ಮೂರ್ಛೆ, ಅಲರ್ಜಿ ಇರುವ ಮಕ್ಕಳ ವಿವರ ಬರೆದಿಡುವುದು, ಪೋಷಕರ ಮತ್ತು 108 ಆಂಬ್ಯುಲೆನ್ಸಿನ ಸಂಖ್ಯೆ ಎಲ್ಲರ ಬಳಿ ಇರುವುದು ಎಷ್ಟೋ ಜೀವ ಉಳಿಸಬಲ್ಲ ಕ್ರಮಗಳು. ಸ್ಕೌಟ್ಸ್, ಎನ್‌ಸಿಸಿ, ಎನ್‌ಎಸ್‌ಎಸ್ ಘಟಕಗಳಿರುವ ಕಡೆ ಕೈಯಿಂದ ಮಾಡಿ ಕಲಿಯುವ ಅವಕಾಶವೂ ಇದೆ.

ಏನು ಮಾಡಬಹುದು?

ಸೂಚನಾ ಪತ್ರವನ್ನು ಅಚ್ಚಿಗೆ ಕಳಿಸುವ ಮುನ್ನ ಪ್ರತಿಯೊಂದು ಸಲಹೆಗೂ ಮೂರು ಪ್ರಶ್ನೆ ಹಾಕಿ. ಇದಕ್ಕೆ ಕಾರಣವೇನು? ನಾವು ಹೋಗುವ ಸ್ಥಳಕ್ಕೆ, ಆ ಋತುವಿಗೆ ಇದು ಹೊಂದುತ್ತದೆಯೇ? ಇದನ್ನು ಮಾಡುವುದರಿಂದ ಆಸ್ಪತ್ರೆ ಸೇರುವುದು ತಡವಾಗುತ್ತದೆಯೇ? ಮೊದಲ ಪ್ರಶ್ನೆಗೆ ಉತ್ತರ ಸಿಗದ ಸಲಹೆಯನ್ನು ಸ್ಥಳೀಯ ವೈದ್ಯರಿಗೆ ತೋರಿಸಿ, ಅವರೂ ಒಪ್ಪದಿದ್ದರೆ ಹೊಡೆದುಹಾಕಿ.

ಇದರ ಜೊತೆಗೆ, ಹೊರಡುವ ವಾರದಲ್ಲಿ ಒಂದು ಪ್ರಾಯೋಗಿಕ ತರಗತಿಯನ್ನು ಇದಕ್ಕೇ ಮೀಸಲಿಡಿ. ನೀರು ತುಂಬಿದ ಬಕೆಟ್ಟಿನಲ್ಲಿ ಖಾಲಿ ಕ್ಯಾನನ್ನು ಮುಳುಗಿಸಲು ಮಕ್ಕಳಿಗೇ ಹೇಳಿ. ಎರಡು ಉಷ್ಣತಾಮಾಪಕಗಳಲ್ಲಿ ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಫ್ಯಾನಿನ ಕೆಳಗಿಟ್ಟು ಎಷ್ಟು ಡಿಗ್ರಿ ಇಳಿಯಿತೆಂದು ಬರೆದುಕೊಳ್ಳಲಿ. ಗಟ್ಟಿ ದಿಂಬಿನ ಮೇಲೆ ಎರಡು ನಿಮಿಷ, ನಿಮಿಷಕ್ಕೆ 110ರಂತೆ ಒತ್ತಲಿ. ಅದು ಎಷ್ಟು ಆಯಾಸದ ಕೆಲಸ, ಏಕೆ ಸರದಿಯ ಮೇಲೆ ಮಾಡಬೇಕು ಎಂಬುದು ಆಗ ತಿಳಿಯುತ್ತದೆ. ನಕ್ಷೆಯಲ್ಲಿ ಶಿಬಿರದಿಂದ ಪ್ರತಿವಿಷ ಸಿಗುವ ಆಸ್ಪತ್ರೆಗೆ ಎಷ್ಟು ಕಿ.ಮೀ., ಎಷ್ಟು ಹೊತ್ತು ಎಂದು ಅವರೇ ಗುರುತಿಸಲಿ. ಫೋನು ಮಾಡಿ ಪ್ರತಿವಿಷ ಇದೆಯೇ ಎಂದು ಕೇಳುವ ಕೆಲಸ ಅಧ್ಯಾಪಕರದು.

ಇಷ್ಟಕ್ಕೆ ಬೇಕಾಗುವ ಖರ್ಚು ಬಸ್ಸಿನ ಒಂದು ದಿನದ ಡೀಸೆಲ್ಲಿನಷ್ಟೂ ಆಗದು. ಬೇಕಾದದ್ದು, ಈ ಪಾಠವೂ ವಿಜ್ಞಾನವೇ ಎಂದು ಒಪ್ಪುವ ಮನಸ್ಸು. ಅಂದು ಆ ಹುಡುಗ ಕೇಳಿದ ಪ್ರಶ್ನೆಯನ್ನು ಈಗ ಪ್ರತಿ ವರ್ಷ ಪ್ರವಾಸಕ್ಕೆ ಮೊದಲು ನಾನೇ ತರಗತಿಯಲ್ಲಿ ಕೇಳುತ್ತೇನೆ. ಮಕ್ಕಳು ಉತ್ತರ ಹುಡುಕುತ್ತಾರೆ. ನಮ್ಮ ಪ್ರವಾಸದ ಚೀಲದಲ್ಲಿ ಈಗ ಕಟ್ಟುವ ದಾರವಿಲ್ಲ. ಎರಡು ಖಾಲಿ ಕ್ಯಾನುಗಳೂ ಒಂದು ಹಗ್ಗವೂ ಇವೆ.